ಹಸಿರು ಚುಕ್ಕೆಯ ಹುಡುಗಿ, ಕೆಂಪು ಚುಕ್ಕೆಯ ಪುಸ್ತಕ

ಮಕ್ಕಳ ಓದಿನ ಮಟ್ಟ ಅಳೆಯುವ ಅಧಿಕಾರಿಗಳಾದ ಮಾನ್ಯರೇ,

ಹೋದ ತಿಂಗಳು ತಾವು ನಮ್ಮ ಶಾಲೆಗೆ ಬಂದು, ಎಂಟನೇ ತರಗತಿಯ ಶಶಿ ಎಂಬ ಹುಡುಗಿ ಓದುತ್ತಿದ್ದ ಕಥೆಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡು ಹೋದಿರಿ. ಅದನ್ನು ವಾಪಸ್ ತಂದುಕೊಡಿ. ನಾನು ಹೇಳಬೇಕಾದದ್ದು ಇಷ್ಟೇ. ತಮಗೆ ಕೆಲಸ ಬಹಳ, ಇಲ್ಲಿಗೇ ಓದು ನಿಲ್ಲಿಸಿ ಹೊರಡುವುದಾದರೆ ಹೊರಡಬಹುದು. ಆದರೆ ಯಾಕೆ ತಂದುಕೊಡಬೇಕು ಎಂಬುದು ತಮಗೆ ತಾನಾಗಿ ಹೊಳೆಯಲಾರದು ಎಂಬ ಅನುಮಾನ ನನಗೆ ಬಲವಾಗಿರುವುದರಿಂದ ಮುಂದಿನದನ್ನೂ ಬರೆಯುತ್ತಿದ್ದೇನೆ. ಇದನ್ನೇ ಮೊದಲು ತಮ್ಮ ಕಚೇರಿಗೆ ಬರೆದಿದ್ದೆ. “ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ” ಎಂದು ಉತ್ತರ ಬಂತು. ಸಂಬಂಧಪಟ್ಟವರು ತಾವೇ. ತಮಗೆ ತಮ್ಮ ಭೇಟಿ ಇನ್ನೂ ಸಿಕ್ಕಿಲ್ಲವೆಂದು ಕಾಣುತ್ತದೆ. ಹಾಗಾಗಿ ಪತ್ರಿಕೆಯ ಮೂಲಕ ಪ್ರಯತ್ನಿಸುತ್ತಿದ್ದೇನೆ.

ಅಂದು ನಡೆದದ್ದನ್ನು ತಾವು ಮರೆತಿರಬಹುದು. ಒಂದೇ ದಿನದಲ್ಲಿ ಹಲವು ಶಾಲೆ ಸುತ್ತುವವರಿಗೆ ಒಬ್ಬ ಹುಡುಗಿಯ ಮುಖ ನೆನಪಿರಬೇಕೆಂದು ಬಯಸುವುದು ಅನ್ಯಾಯ. ನಾನೇ ನೆನಪಿಸುತ್ತೇನೆ. ಅದು ಓದುವ ಪೀರಿಯಡ್ಡು. ಮಕ್ಕಳೆಲ್ಲ ಒಂದೊಂದು ಪುಸ್ತಕ ಹಿಡಿದು ನೆಲದ ಮೇಲೆ ಕೂತಿದ್ದರು. ಅವರ ನಡುವೆ ನಾನೂ ಒಂದನ್ನು ಹಿಡಿದು ಕೂತಿದ್ದೆ. ತಾವು ಬಾಗಿಲಲ್ಲಿ ನಿಂತು ಮೊದಲು ವಿಚಾರಿಸಿಕೊಂಡದ್ದು ನನ್ನನ್ನು.

“ಏನು ಟೀಚರ್, ನೀವೇ ಮಕ್ಕಳ ಪುಸ್ತಕ ಓದ್ಕೊಂಡು ಕೂತ್ರೆ ಹೇಗೆ?”

“ಇದು ಓದೋ ಪೀರಿಯಡ್ಡು ಸರ್.”

“ಓದೋದು ಮಕ್ಕಳು. ನೀವು ಮಾನಿಟರ್ ಮಾಡ್ಬೇಕು.”

ಆಮೇಲೆ ಶಶಿಯ ಹತ್ತಿರ ಬಗ್ಗಿದಿರಿ. ಅವಳ ಬೆರಳು ಒಂದು ಸಾಲಿನ ನಡುವೆ ಇತ್ತು.

“ಏನಮ್ಮಾ, ನಿನ್ ಕಲರ್ ಏನು?”

“ಹಸಿರು ಸಾರ್.”

“ಪುಸ್ತಕದ್ದು?”

ಅವಳು ಮುಖಪುಟ ತಿರುಗಿಸಿ ನೋಡಿದಳು. ಗೊತ್ತಿಲ್ಲದೆ ಅಲ್ಲ, ಹೇಳಲು ಹೆದರಿ. “ಕೆಂಪು ಸಾರ್.”

“ಹಸಿರು ಮಗು ಕೈಗೆ ಕೆಂಪು ಪುಸ್ತಕ ಕೊಟ್ಟೋರು ಯಾರು? ಇದ್ರಲ್ಲಿ ಇವಳಿಗೆ ಏನು ಅರ್ಥ ಆಗುತ್ತೆ?”

ಪ್ರಶ್ನೆ ನನಗೆ, ಕೇಳಿಸಿಕೊಂಡದ್ದು ಇಡೀ ತರಗತಿ. ಹಿಂದೆ ಯಾರೋ ಕಿಸಕ್ಕೆಂದರು. ತಾವು ಪುಸ್ತಕ ಎತ್ತಿಕೊಂಡಾಗ, ಓದಿದ ಜಾಗದ ಗುರುತಿಗೆ ಅವಳು ಇಟ್ಟುಕೊಂಡಿದ್ದ ಬಸ್ ಟಿಕೆಟ್ಟು ಕೆಳಗೆ ಬಿತ್ತು. ಅವಳು ಅದನ್ನು ಆರಿಸಿಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡಳು. ತಾವು ಅಷ್ಟು ಹೊತ್ತಿಗೆ ಮುಂದಿನ ತರಗತಿಯಲ್ಲಿದ್ದಿರಿ.

ಈ ಪತ್ರ ಓದುತ್ತಿರುವ ಇತರರಿಗೆ ಬಣ್ಣಗಳ ಮಹಿಮೆ ತಿಳಿದಿರಲಾರದು. ತಮ್ಮ ಯೋಜನೆಯಂತೆ ಪ್ರತಿ ಮಗುವಿಗೂ ಕೈ ತೊಳೆಯುವುದರ ಉಪಯೋಗಗಳ ಕುರಿತ ಒಂದು ಪ್ಯಾರಾ ಕೊಟ್ಟು, ಒಂದು ನಿಮಿಷ ಗಟ್ಟಿಯಾಗಿ ಓದಿಸಲಾಗುತ್ತದೆ. ತಡವರಿಸಿದವರು ಹಸಿರು, ಪರವಾಗಿಲ್ಲ ಎನ್ನುವವರು ಹಳದಿ, ಸರಸರನೆ ಓದಿದವರು ಕೆಂಪು. ಗ್ರಂಥಾಲಯದ ಪುಸ್ತಕಗಳಿಗೂ ಇದೇ ಮೂರು ಬಣ್ಣದ ಚುಕ್ಕೆ ಅಂಟಿಸಲಾಗಿದೆ. ತನ್ನ ಬಣ್ಣ ಬಿಟ್ಟು ಬೇರೆ ಬಣ್ಣದ ಪುಸ್ತಕವನ್ನು ಮಗು ಮುಟ್ಟುವಂತಿಲ್ಲ. ನಮ್ಮ ಶಾಲೆಯಲ್ಲಿ ಕೆಂಪು ಚುಕ್ಕೆಯ ಮಗು ಒಂದೂ ಇಲ್ಲ. ಕೆಂಪು ಚುಕ್ಕೆಯ ಪುಸ್ತಕಗಳು ಮಾತ್ರ ಒಂದು ಕಪಾಟಿನ ತುಂಬ ಇವೆ. ಅವು ಯಾರಿಗಾಗಿ ಎಂದು ತಿಳಿಯಬಹುದೇ? ಗೆದ್ದಲಿಗೋ? ಗೆದ್ದಲಿನ ಮಟ್ಟವನ್ನು ಅಳೆದು ಆಗಿದೆಯೇ? ಕೈ ತೊಳೆಯುವ ಪ್ಯಾರಾವನ್ನು ವರ್ಷವಿಡೀ ಉರುಹೊಡೆದು ಒಂದು ದಿನ ಮಗು ತಟಕ್ಕನೆ ಕೆಂಪಾಗುತ್ತದೆ ಎಂದು ತಾವು ನಿಜಕ್ಕೂ ನಂಬಿದ್ದೀರಾ, ಅಥವಾ ಈ ಯೋಜನೆ ಬರೆದವರು ಮಗುವನ್ನು ಮಾವಿನಹಣ್ಣು ಎಂದುಕೊಂಡಿದ್ದಾರೆಯೇ?

ಓದುವುದು ಹೇಗೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ, ಅದೂ ತೀರ ಇತ್ತೀಚಿನದು. ನಾನು ಕೃಷ್ಣಗಿರಿಯಲ್ಲಿ ಬೆಳೆದವಳು, ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಜ್ಜಿಯ ಜೊತೆ ತೆಲುಗು, ಪುಸ್ತಕ ಎಂದರೆ ಇಂಗ್ಲಿಷ್. ಕನ್ನಡದಲ್ಲಿ ನಾನು ಶ್ರದ್ಧೆಯಿಂದ ಓದುತ್ತಿದ್ದುದು ಮದುವೆ ಕರೆಯೋಲೆಗಳನ್ನು, ಅದೂ ಊಟ ಎಷ್ಟು ಗಂಟೆಗೆ ಎಂದು ಹುಡುಕಲು. ಹೀಗಿದ್ದವಳು ತೊರಪಲ್ಲಿ ಅಗ್ರಹಾರದ ಆಚೆಗಿರುವ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರಾಗಿ ಸೇರಿದೆ. ಈ ವರ್ಷ ಕನ್ನಡ ಮೇಷ್ಟ್ರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ಓದುವ ಪೀರಿಯಡ್ಡು ನನ್ನ ತಲೆಗೆ ಬಂತು. ಈ ವೈಶಾಖದಲ್ಲೇ ನನ್ನ ಮದುವೆಯೂ ಆಯಿತು, ಶಾಲೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಊರಿನ ಚಲಪತಿಯವರ ಜೊತೆ. ನನ್ನ ಗಂಡನ ಬಗ್ಗೆ ಬರೆಯತೊಡಗಿದರೆ ಪತ್ರಿಕೆಯವರು ವಿಶೇಷ ಪುರವಣಿ ತರಬೇಕಾಗುತ್ತದೆ, ಆದ್ದರಿಂದ ಬೇಕಾದಷ್ಟನ್ನೇ ಹೇಳುತ್ತೇನೆ.

ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ನಮ್ಮತ್ತೆ ಶ್ಯಾಮಲಮ್ಮ ಮಡಿಲು ತುಂಬಿ ನನ್ನನ್ನು ತವರಿಗೆ ಕಳಿಸಿದರು. ಆದರೆ ಶಾಲೆಗೆ ಆಷಾಢವಿಲ್ಲ. ಬೆಳಿಗ್ಗೆ ಕೃಷ್ಣಗಿರಿಯಿಂದ ಬಸ್ಸು, ಇಳಿದು ಇನ್ನೊಂದು ಬಸ್ಸು, ಸಂಜೆ ಗಂಡನ ಮನೆಯ ಮುಂದೆಯೇ ಹಾದು ಮತ್ತೆ ತವರು. ಚಲಪತಿ ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ಬರುತ್ತಿದ್ದರು. ಅತ್ತೆ ಗದರಿದರೆ, “ಬಸ್ ಸ್ಟಾಪಿಗೆ ಯಾವ ಹೊಸ್ಲು ಐತಮ್ಮ?” ಎನ್ನುತ್ತಿದ್ದರು. ಆ ಬಸ್ಸುಗಳಲ್ಲಿ ಕೂತು ನಾನು ಶಾಲೆಯ ಕಥೆಪುಸ್ತಕಗಳನ್ನು ಓದಲು ಹಿಡಿದೆ. ಮಕ್ಕಳಿಗೆ ಏನು ಕೊಡುತ್ತಿದ್ದೇನೆ ಎಂದು ನನಗೆ ಗೊತ್ತಿರಬೇಕಲ್ಲ. ಮೊದಲನೆಯದು ಕೆರೆಯಿಂದ ಮೇಲೆ ಬರಲೊಲ್ಲದ ಒಂದು ಎಮ್ಮೆಯ ಚಿತ್ರಕಥೆ. ಪುಟಕ್ಕೊಂದು ಸಾಲು. ಒತ್ತಕ್ಷರ ಬಂದಲ್ಲೆಲ್ಲ ನಾನು ಎಮ್ಮೆಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಓದಿ ಮುಗಿಸಿದ ಖುಷಿಗೆ ಗಂಡನಿಗೆ ಫೋನು ಮಾಡಿ ಇಡೀ ಕಥೆ ಓದಿ ಹೇಳಿದೆ.

“ಏನ್ ಟೀಚರಮ್ಮ, ಫೋನು ನನ್ನ ನೆನಪಾಗಿ ಮಾಡಿದ್ದಾ, ಎಮ್ಮೆ ನೆನಪಾಗಿ ಮಾಡಿದ್ದಾ?”

“ಏನ್ ಮಾಡ್ಲಿ ರೀ, ಎಮ್ಮೆ ನೋಡಿದ್ರೆ ನಿಮ್ಮ ನೆನಪೇ ಬರುತ್ತೆ.”

ಪಕ್ಕದ ಸೀಟಿನ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ನಾಚಿಕೆಯಾಗಲಿಲ್ಲ. ಎಮ್ಮೆ ಆದಮೇಲೆ ಅಜ್ಜನ ಹಲ್ಲಿನ ಸೆಟ್ಟು ಕದ್ದು ಓಡುವ ಕೋತಿ, ಕೋತಿಯ ನಂತರ ಜ್ವರ ಬಂದಾಗ ಮಾತ್ರ ಹಾಡುವ ಹುಡುಗ. ಇಷ್ಟು ಚೆಂದದ ಸಂಗತಿಗಳು ನನ್ನದೇ ಭಾಷೆಯಲ್ಲಿ ಇವೆ ಎಂದು ಯಾರೂ ನನಗೆ ಹೇಳಿಯೇ ಇರಲಿಲ್ಲ, ಮಾನ್ಯರೇ. ನಾನು ಊರವರನ್ನೆಲ್ಲ ನಿಲ್ಲಿಸಿ ಕೋತಿಯ ಕಥೆ ಹೇಳುವಂತಾದೆ. ಆಮೇಲೆ ಒಂದು ದಿನ ದಪ್ಪನೆಯದಕ್ಕೆ ಕೈ ಹಾಕಿದೆ, ದೊಡ್ಡ ಮಕ್ಕಳಿಗೆಂದು ಬರೆದ, ಕೆಂಪು ಚುಕ್ಕೆಯ ಒಂದು ಕಾದಂಬರಿ. ಅದರಲ್ಲಿ ಹುಡುಗಿಯೊಬ್ಬಳು ಶಾಲೆಗೆ ಚಕ್ಕರ್ ಹೊಡೆದು, ಮರುದಿನ ತಪ್ಪಿಸಿಕೊಳ್ಳಲು “ನಮ್ಮಮ್ಮ ತೀರಿಕೊಂಡರು” ಎನ್ನುತ್ತಾಳೆ. ಮೇಷ್ಟ್ರುಗಳು ಕಣ್ಣೊರೆಸಿಕೊಳ್ಳುತ್ತಾರೆ, ಗೆಳತಿಯರು ತಿಂಡಿ ತಂದುಕೊಡುತ್ತಾರೆ. ಅವಳಿಗೆ ಆ ಪ್ರೀತಿ ರೂಢಿಯಾಗಿಬಿಡುತ್ತದೆ. ಒಂದು ದಿನ, ಮಗಳು ಮರೆತ ಊಟದ ಡಬ್ಬಿ ಹಿಡಿದು ಅಮ್ಮ ಶಾಲೆಯ ಗೇಟಿಗೆ ಬಂದು ನಿಲ್ಲುತ್ತಾಳೆ. ಆ ಪುಟ ಓದುತ್ತ ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು.

ಪುಸ್ತಕ ಮುಗಿದ ಮೇಲೆ, ಆಷಾಢವೂ ಮುಗಿದ ಮೇಲೆ, ತಮ್ಮ ಕೈ ತೊಳೆಯುವ ಪ್ಯಾರಾವನ್ನು ನಾನೇ ಓದಿದೆ. ಚಲಪತಿ ಮೊಬೈಲಿನಲ್ಲಿ ನಿಮಿಷ ನೋಡಿದರು. ನಾನು ಹಸಿರು. ಅನುಮಾನವೇ ಇಲ್ಲದ ಹಸಿರು. ತಮ್ಮ ಯೋಜನೆಯಂತೆ ನಾನು ಇನ್ನೂ ಎಮ್ಮೆಯ ಜೊತೆ ಕೆರೆಯಲ್ಲೇ ಇರಬೇಕಿತ್ತು. ಆದರೆ ನಾನು ಆ ಕಾದಂಬರಿಯನ್ನು ಓದಿದ್ದೆ, ಅರ್ಥವಾಗಿತ್ತು, ಅತ್ತಿದ್ದೆ. ನನ್ನನ್ನು ಯಾರೂ ಬಸ್ಸಿನಲ್ಲಿ ತಡೆದು ಬಣ್ಣ ಕೇಳಿರಲಿಲ್ಲ, ಅಷ್ಟೇ.

ಶ್ರಾವಣದಲ್ಲಿ ಅದೇ ಪುಸ್ತಕವನ್ನು ಎಂಟನೇ ತರಗತಿಗೆ ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ. ಕಥೆಯ ಅಮ್ಮ ಗೇಟಿಗೆ ಬರುವ ಹೊತ್ತಿಗೆ ತ್ರೈಮಾಸಿಕ ಪರೀಕ್ಷೆ ಬಂತು, ಓದುವ ಪೀರಿಯಡ್ಡು ಗಣಿತಕ್ಕೆ ಹೋಯಿತು. ಆಗ ಶಶಿ ಬಂದಳು. ತರಗತಿಯಲ್ಲಿ ಎಲ್ಲರಿಗಿಂತ ನಿಧಾನ ಓದುವವಳು, ಹೆಸರು ಕೂಗಿದರೆ ಮಾತ್ರ ಮಾತಾಡುವವಳು.

“ಟೀಚರ್, ಆ ಪುಸ್ತಕ ಮನೇಗ್ ತಗೊಂಡೋಗ್ಲಾ?”

“ಉದ್ದ ಇದೆ ಶಶಿ. ಬೇಜಾರಾಗಲ್ವಾ?”

“ಅವ್ರಮ್ಮ ಗೇಟ್ ತಾವ ನಿಂತವ್ರಲ್ಲ ಟೀಚರ್. ಬಿಸ್ಲಾಗೆ ಎಷ್ಟೊತ್ತಂತ ನಿಲ್ಲಿಸ್ತೀರಾ.”

ಕೊಟ್ಟೆ. ಮುಂದೆ ನಡೆದದ್ದನ್ನು ತಾವು ನೋಡಬೇಕಿತ್ತು. ದಿನಕ್ಕೆ ಒಂದು ಪುಟ, ಹೆಚ್ಚೆಂದರೆ ಒಂದೂವರೆ. ಮಧ್ಯಾಹ್ನ ಊಟದ ತಟ್ಟೆ ಹಿಡಿದು ಕೂತಾಗ ಅದನ್ನು ಎಲ್ಲರಿಗೂ ಹೇಳುತ್ತಿದ್ದಳು. ಹೇಳುತ್ತಿದ್ದಳು ಎಂದರೆ ಸುಮ್ಮನೆ ಅಲ್ಲ.

“ಇವತ್ತು ಏನಾಯ್ತು ಹೇಳೇ.”

“ಮೊದ್ಲು ನಿನ್ ಮೊಟ್ಟೆ ಇಡು.”

“ನೆನ್ನೆನೂ ಕೊಟ್ಟೆ ಕಣೇ.”

“ನೆನ್ನೆದು ನೆನ್ನೆ ಪುಟಕ್ಕೆ.” ಮೊಟ್ಟೆ ತಟ್ಟೆಗೆ ಬಿದ್ದ ಮೇಲೆ ಶುರು. “ಅವ್ರಮ್ಮ ವಾಚ್‌ಮನ್‌ನ ಕೇಳ್ತಾವ್ಳೆ, ನಮ್ಮ ಹುಡ್ಗಿ ಕ್ಲಾಸ್ ಎಲ್ಲೈತೆ ಅಂತ. ಅವ್ನು ಹೆಸ್ರು ಕೇಳ್ದ. ಇವ್ಳು ಹೆಸ್ರು ಹೇಳಿದ್ಳು. ವಾಚ್‌ಮನ್ ಮುಖ ಸುಣ್ಣ ಆಗೋಯ್ತು.”

“ಆಮೇಲೆ?”

“ನಾಳೆ.”

ಹಳದಿ ಚುಕ್ಕೆಯವರೆಲ್ಲ ಹಸಿರು ಚುಕ್ಕೆಯವಳ ಸುತ್ತ ಬಾಯಿ ತೆರೆದು ಕೂತಿರುತ್ತಿದ್ದರು. ತನ್ನ ಬಳಿ ಇರುವುದು ಎಲ್ಲರಿಗೂ ಬೇಕು ಎನ್ನುವುದು ಆ ಹುಡುಗಿಗೆ ಹೊಸ ಅನುಭವ. ಹೀಗೆ ಅವಳು ಕಥೆಯ ಮುಕ್ಕಾಲು ಭಾಗ ದಾಟಿದ್ದಳು. ಆಗ ತಮ್ಮ ಆಗಮನವಾಯಿತು.

ಕಠಿಣ ಪುಸ್ತಕ ಕೊಟ್ಟರೆ ಮಕ್ಕಳ ಆತ್ಮವಿಶ್ವಾಸ ಕುಂದುತ್ತದೆ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಅವಳ ಆತ್ಮವಿಶ್ವಾಸ ಕುಂದಿರುವುದು ನಿಜ. ಪುಸ್ತಕದಿಂದಲ್ಲ. ಅಂದಿನಿಂದ ಅವಳು ಊಟಕ್ಕೆ ಒಬ್ಬಳೇ ಕೂರುತ್ತಾಳೆ. ಮಕ್ಕಳು ನನ್ನನ್ನು ಪೀಡಿಸುತ್ತಾರೆ: ನೀವೇ ಹೇಳಿ ಟೀಚರ್, ನಿಮಗೆ ಗೊತ್ತಲ್ಲ. ನಾನು ಹೇಳುವುದಿಲ್ಲ. ಹೇಳಿದರೆ ಅವಳ ಜಾಗವೂ ಹೋಗುತ್ತದೆ. ಇನ್ನೊಂದು ಪ್ರತಿ ಕೊಂಡು ಕೊಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬೆಂಗಳೂರಿನಿಂದ ತರಿಸಿದೆ, ಚುಕ್ಕೆಯಿಲ್ಲದ ಹೊಸ ಪ್ರತಿ.

“ಬ್ಯಾಡ ಟೀಚರ್.”

“ಇದು ಶಾಲೆದಲ್ಲ, ನಂದು. ಯಾರೂ ಕೇಳಲ್ಲ.”

“ಪುಸ್ತಕ ನಿಮ್ದೇ ಇರ್ಬೌದು ಟೀಚರ್. ನಾನು ಹಸಿರೇ ಅಲ್ವಾ.”

ಈ ಒಂದು ವಾಕ್ಯ ಅವಳ ಬಾಯಿಗೆ ಬರುವಂತೆ ಮಾಡಲು ಎಷ್ಟು ಮಂದಿ ಸಭೆ ಸೇರಿ ಎಷ್ಟು ಚಹಾ ಕುಡಿದರೋ, ಅವರೆಲ್ಲರಿಗೂ ನನ್ನ ಅಭಿನಂದನೆ.

ವಿಷಯ ಕಥೆಪುಸ್ತಕದಲ್ಲೇ ನಿಂತಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹೋದ ವಾರ ಶಶಿಯ ತಾಯಿ ಸೆಲ್ವಿ ಸಿಕ್ಕಿದ್ದರು. ಗುಲಾಬಿ ಬೆಳೆಯುವ ಶೆಡ್ಡಿನಲ್ಲಿ ಕೂಲಿ ಕೆಲಸ, ಮನೆಯಲ್ಲಿ ನಡೆಯಲು ಕಲಿಯುತ್ತಿರುವ ಗಂಡುಮಗು.

“ಎಂಟು ಮುಗಿಸ್ಕೊಳ್ಲಿ ಟೀಚರಮ್ಮ, ಸಾಕು. ಮನೇಲಿ ಚಿಕ್ಕೋನ್ನ ನೋಡ್ಕೊಂಡಿರ್ತಾಳೆ.”

“ಯಾಕೆ ಸೆಲ್ವಿಯಕ್ಕ? ಚೆನ್ನಾಗಿ ಓದ್ತಿದ್ದಾಳಲ್ಲ.”

“ನೀವು ಅಂಗಂತೀರಾ. ಓದಿದ್ದು ಇವ್ಳಿಗೆ ಅರ್ಥ ಆಗಲ್ಲ ಅಂತ ಆಫೀಸರೇ ಹೇಳ್ಬುಟ್ರಂತಲ್ಲ, ಎಲ್ರ ಮುಂದೆ.”

“ಆ ಆಫೀಸರಿಗೆ ಏನು ಗೊತ್ತು?”

“ಏನೂ ಗೊತ್ತಿಲ್ದೋರ್ನ ಆಫೀಸರ್ ಮಾಡ್ತಾರಾ ಟೀಚರಮ್ಮ?”

ಅವರು ವ್ಯಂಗ್ಯವಾಡಲಿಲ್ಲ. ನಿಜವಾಗಿ ಕೇಳಿದರು. ಇದಕ್ಕೆ ಉತ್ತರ ತಮ್ಮ ಬಳಿ ಇದ್ದರೆ ದಯವಿಟ್ಟು ಅವರಿಗೆ ಮುಟ್ಟಿಸಿ. ನಾನು ಆ ಮನೆಗೆ ಎರಡು ಸಲ ಹೋಗಿ ಬಂದೆ. ಕಾಫಿ ಕೊಟ್ಟರು, ಕುಂಕುಮ ಕೊಟ್ಟರು, ಹೊಸ ಮದುಮಗಳೆಂದು ತಲೆಗೆ ಹೂವೂ ಮುಡಿಸಿದರು. ಮಾತು ಮಾತ್ರ ಬದಲಾಗಲಿಲ್ಲ. ಜೀಪಿನಲ್ಲಿ ಬಂದವರು ಹೇಳಿದ್ದನ್ನು ಬಸ್ಸಿನಲ್ಲಿ ಬರುವ ಟೀಚರು ಅಳಿಸಲಾಗುವುದಿಲ್ಲ. ಈ ದೇಶದಲ್ಲಿ ಅಧಿಕಾರಿಯ ಮಾತಿಗೆ ಬೆಲೆಯಿಲ್ಲ ಎನ್ನುವವರು ಸೆಲ್ವಿಯವರನ್ನು ಒಮ್ಮೆ ಕಾಣಬೇಕು. ತಾವು ನಡೆದುಹೋಗುತ್ತ ಆಡಿದ ಒಂದು ಮಾತಿನ ಮೇಲೆ ಅವರು ಮಗಳ ಮುಂದಿನ ವರ್ಷವನ್ನೇ ನಿರ್ಧರಿಸಿದ್ದಾರೆ. ಇಷ್ಟು ನಂಬುವವರು ಸಿಕ್ಕಿರುವಾಗ, ತಾವು ಬಾಯಿ ತೆರೆಯುವ ಮೊದಲು ಒಂದು ಪುಟವನ್ನಾದರೂ ಓದಿ ನೋಡುವ ಅಭ್ಯಾಸ ಇಟ್ಟುಕೊಳ್ಳಬಾರದೇ? ಅಂದು ತಾವು ಆ ಪುಸ್ತಕದ ಮುಖಪುಟವನ್ನು ನೋಡಿದಿರಿ, ಚುಕ್ಕೆಯನ್ನು ನೋಡಿದಿರಿ. ಅವಳು ಏನು ಓದುತ್ತಿದ್ದಾಳೆ ಎಂದು ಅವಳನ್ನೇ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಚೆನ್ನಾಗಿಯೇ ಹೇಳುತ್ತಿದ್ದಳು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಪುಸ್ತಕವನ್ನು ಜವಾನರ ಕೈಯಲ್ಲಿ ಕಳಿಸಬೇಡಿ, ಅಂಚೆಯಲ್ಲೂ ಬೇಡ. ಅರ್ಧವಾರ್ಷಿಕ ಪರೀಕ್ಷೆಗೆ ಮೊದಲು ತಾವೇ ಬನ್ನಿ. ಅದೇ ತರಗತಿಯಲ್ಲಿ, ಅದೇ ಮಕ್ಕಳ ಮುಂದೆ, ಶಶಿಯ ಕೈಗೆ ಪುಸ್ತಕ ಕೊಟ್ಟು, ಅಂದು ಹೇಳಿದ್ದು ತಪ್ಪು ಎಂದು ಅಂದಿನಷ್ಟೇ ಗಟ್ಟಿ ದನಿಯಲ್ಲಿ ಹೇಳಿ. ನಂತರ ಹೂವಿನ ಶೆಡ್ಡಿನವರೆಗೆ ಹೋಗಿ ಸೆಲ್ವಿಯವರಿಗೂ ಅದನ್ನೇ ಹೇಳಿ. ದಾರಿ ನಾನು ತೋರಿಸುತ್ತೇನೆ. ಬೇಕಿದ್ದರೆ ಅದಕ್ಕೆ ಮೊದಲು ತಾವೂ ಆ ಕಾದಂಬರಿ ಓದಿಕೊಳ್ಳಬಹುದು, ತಮ್ಮ ಬಣ್ಣ ಯಾವುದೆಂದು ನಾನು ಕೇಳುವುದಿಲ್ಲ.

ಶಶಿ ಕೈ ಚಾಚದೆ ಇರಬಹುದು. ಹಾಗಾದರೆ ಮರುದಿನ ಮತ್ತೆ ಬನ್ನಿ.

ಇಂತಿ,
ಕಥೆಯ ಕೊನೆ ಗೊತ್ತಿದ್ದೂ ಬಾಯಿ ಬಿಡದೆ ಮಕ್ಕಳಿಂದ ದಿನವೂ ಬೈಸಿಕೊಳ್ಳುತ್ತಿರುವ,
ರಮಾದೇವಿ ಚಲಪತಿ
ಇಂಗ್ಲಿಷ್ ಟೀಚರು, ಸದ್ಯಕ್ಕೆ ಕನ್ನಡಕ್ಕೂ