ನಾಲ್ಕು ನೂಲು

ಕಂಪ್ಲಿ
18 ನವೆಂಬರ್ 2024

ಅಣ್ಣ ವೀರೇಶನಿಗೆ,

ತಂಗಿ ಗಂಗಾಂಬಿಕಾಳ ಶರಣು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಅವ್ವನ ಮೊಣಕಾಲು ನೋವು ಮಾತ್ರ ನಿಜವಾಗಿಯೂ ಕಡಿಮೆಯಾಗಿದೆ. ನೀನು ಗುಡ್ಡಪ್ಪನ ಕೈಯಲ್ಲಿ ಕಾಗದ ಕಳಿಸಿ ಹನ್ನೊಂದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸು. ಎರಡು ಸಲ ಬರೆದು ಹರಿದೆ, ಬೈಗುಳ ಜಾಸ್ತಿಯಾಗಿತ್ತು. ಇದರಲ್ಲೂ ಇದೆ, ಆದರೆ ಓದುವಷ್ಟಿದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಮಾತು ಮುಗಿಯುವ ಮೊದಲೇ ಕಟ್ ಮಾಡುವುದು ನಿನ್ನ ಚಾಳಿ.

ಗುಡ್ಡಪ್ಪ ಪಾಪ, ನಮ್ಮ ಸ್ಟೋರ್ ನೋಡಿಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ, ಕಟ್ಟೆಯ ಮೇಲೆ ಕೂತು ನಾಚಿಕೊಂಡೇ ಹಾಳೆ ತೆಗೆದ. “ಅಕ್ಕಾರ, ಇಲ್ಲೊಂದು ಸಹಿ ಹಾಕ್ರಿ. ವೀರೇಶಣ್ಣ ಭಾಳ ಟೆನ್ಶನ್ ಮಾಡ್ಕೊಂಡಾರ,” ಅಂದ. ಓದಿದೆ. ‘ನಕ್ಷೆಯ ಅಳತೆಯನ್ನು ತಪ್ಪಾಗಿ ಓದಿ ಯಂತ್ರ ಜೋಡಿಸಿದವಳು ನಾನೇ, ವಿನ್ಯಾಸದಲ್ಲಿ ಯಾವ ದೋಷವೂ ಇಲ್ಲ.’ ಕೆಳಗೆ ನನ್ನ ಹೆಸರು, ಅದರ ಮುಂದೆ ‘ಸಹಾಯಕಿ’.

“ಏನಂತ ಬರದಾನ?” ಎಂದು ಅವ್ವ ಕೇಳಿದಳು.

“ನಾನು ನಿನ್ನ ಮಗನ ಹೆಲ್ಪರ್ ಅಂತ ಬರದಾನ,” ಅಂದೆ. ಅವ್ವ ಗುಡ್ಡಪ್ಪನ ಮುಂದಿಟ್ಟಿದ್ದ ಚಹಾ ಎತ್ತಿಕೊಂಡು ಒಳಗೆ ಹೋದಳು.

ಕಮಲಾಪುರದ ತೋಟಗಳಲ್ಲಿ ಗೊನೆ ಕಡಿದ ಮೇಲೆ ಕೊಳೆಯುವ ಬಾಳೆದಿಂಡು ನೋಡಿ ಬಂದು, ಇದರಿಂದ ನಾರು ತೆಗೆಯುವ ಯಂತ್ರ ಮಾಡುತ್ತೇನೆ ಎಂದು ನೀನು ಹೇಳಿದಾಗ ಓಣಿಯೆಲ್ಲ ನಕ್ಕಿತ್ತು. ಇಲ್ಲಿ ಕಂಪ್ಲಿಯಲ್ಲಿ, ಅಪ್ಪನ ಇದೇ ವೆಲ್ಡಿಂಗ್ ಶಾಪಿನಲ್ಲಿ, ಹಳೇ ಪಂಪಿನ ಮೋಟಾರು, ಸೈಕಲ್ ಚೈನು, ಅಕ್ಕಿ ಗಿರಣಿಯ ಗುಜರಿಯಿಂದ ತಂದ ರೋಲರು ಇಟ್ಟುಕೊಂಡು ಕೂತೆವು. ಯಂತ್ರ ನಿನ್ನ ತಲೆಯಲ್ಲಿ ಹುಟ್ಟಿತು, ನನ್ನ ಕೈಯಲ್ಲಿ ಆಕಾರಕ್ಕೆ ಬಂತು. ಮೊದಲ ನಾರು ಬೆಳ್ಳಗೆ ಹೊರಬಂದಾಗ ನೀನು ಅದನ್ನು ನನ್ನ ಜಡೆಗೆ ಕಟ್ಟಿದೆ. ನಿನ್ನ ತಲೆ ದೊಡ್ಡದು ಅಣ್ಣ, ಅದನ್ನು ಇವತ್ತೂ ಇಲ್ಲ ಅನ್ನುವುದಿಲ್ಲ. ಹೊಸಪೇಟೆಯಲ್ಲಿ ಶೆಡ್ಡು ಹಾಕಿ ‘ತೋಟಪ್ಪ ಅಂಡ್ ಸನ್ಸ್’ ಎಂದು ಅಪ್ಪನ ಹೆಸರಿನ ಬೋರ್ಡು ಏರಿಸಿದ ದಿನ, ಇನ್ನೊಬ್ಬ ಮಗ ಯಾರು ಎಂದು ನಾನು ಕೇಳಿದೆ. “ನೀನ ಲೇ,” ಎಂದು ನೀನು ನಕ್ಕೆ. ನಾನೂ ನಕ್ಕೆ. ನಗಬಾರದಿತ್ತು.

ಈಗ ಅಳತೆಯ ವಿಷಯ. ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದು ನೂಲಿನ ಲೆಕ್ಕ, ಇಂಚಿಗೆ ಎಂಟು ನೂಲು. ಹದಿನಾಲ್ಕು ವರ್ಷ ನೀನು ಪೆನ್ನಿನಲ್ಲಿ ಬರೆದುಕೊಟ್ಟ ಪ್ರತಿ ಅಂಕಿಯೂ ನೂಲೇ. ಕಂಪ್ಯೂಟರ್ ಬಂದ ಮೇಲೆ ಪ್ರಿಂಟಾದದ್ದು ಎಂಎಂ, ಪೆನ್ನಿನದ್ದು ನೂಲು. ಶೆಡ್ಡಿನ ಕಸ ಗುಡಿಸುವ ತಾಯಕ್ಕನಿಗೂ ಇದು ಗೊತ್ತು. ಹೊಸ ಮಾಡೆಲ್ಲಿನಲ್ಲಿ, ಕೈ ಒಳಗೆ ಹೋಗದಂತೆ ರೋಲರಿನ ಮುಂದೆ ಒಂದು ತಗಡು ಕೂರಿಸಬೇಕಿತ್ತು. ರೋಲರಿಗೂ ತಗಡಿಗೂ ನಡುವೆ ಎಷ್ಟು ಸಂದು ಎನ್ನುವುದು ಪ್ರಿಂಟಾಗಿರಲಿಲ್ಲ. ನೀನು ಕಾರು ಹತ್ತುವ ಅವಸರದಲ್ಲಿ ಪೆನ್ನಿನಿಂದ 4 ಎಂದು ಗೀಚಿ ಹೋದೆ. ನಾನು ನಾಲ್ಕು ನೂಲು ಬಿಟ್ಟೆ, ಅಂದರೆ ಅರ್ಧ ಇಂಚು. ನಿನ್ನ ಮನಸ್ಸಿನಲ್ಲಿದ್ದದ್ದು ನಾಲ್ಕು ಎಂಎಂ ಅಂತೆ. ನಿನ್ನ ಮನಸ್ಸಿಗೆ ಟೇಪು ಹಿಡಿಯುವ ವಿದ್ಯೆ ನನಗೆ ಬರುವುದಿಲ್ಲ.

ಆದರೂ ಕೇಳೋಣವೆಂದು ಅವತ್ತು ಫೋನ್ ಮಾಡಿದ್ದೆ. “ಅಣ್ಣ, ಆ ನಾಲ್ಕು...” ಎನ್ನುವಷ್ಟರಲ್ಲಿ, “ಬರದಷ್ಟು ಮಾಡು ಲೇ, ನಿನ್ನ ತಲಿ ಓಡಸಬ್ಯಾಡ,” ಎಂದು ನೀನು ಫೋನ್ ಇಟ್ಟೆ. ಇಡುವ ಮುಂಚೆ ನಿನ್ನ ಪಕ್ಕದಲ್ಲಿ ಯಾರೋ ನಕ್ಕದ್ದು ಕೇಳಿಸಿತು.

ಯಂತ್ರ ಕಮಲಾಪುರಕ್ಕೆ ಹೋದ ಮೂರನೇ ದಿನ, ದಿಂಡಿನ ಪಟ್ಟೆ ಒಳಗೆ ಕೊಡುತ್ತಿದ್ದ ಹಂಪಕ್ಕ ಬಲಗೈಯ ಎರಡು ಬೆರಳು ಕಳೆದುಕೊಂಡಳು. ವಿಚಾರಣೆಗೆ ಬಂದ ಅಧಿಕಾರಿಗೆ ನೀನು, ನಾನು ಅಲ್ಲೇ ನಿಂತಿರುವಾಗ, “ನಮ್ಮ ತಂಗಿ ಓದಿದಾಕಿ ಅಲ್ರಿ, ಡ್ರಾಯಿಂಗ್ ತಿಳಿಯಂಗಿಲ್ಲ,” ಎಂದೆ. ಅವತ್ತೇ ನಾನು ಅವ್ವನನ್ನು ಕರೆದುಕೊಂಡು ಕಂಪ್ಲಿ ಬಸ್ಸು ಹತ್ತಿದೆ.

ನೀನು ಹಂಪಕ್ಕನ ಮನೆಗೆ ಕಾಲಿಟ್ಟಿಲ್ಲ. ನಾನು ಹೋಗಿದ್ದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಎಡಗೈಲೆ ಕೊಡಾಕತ್ತೀನಿ, ತಪ್ಪು ತಿಳೀಬ್ಯಾಡ್ರಿ,” ಎಂದು ಚಹಾ ಕೊಟ್ಟಳು. “ಮಷಿನ್ ಚಲೋನ ಇತ್ರಿ. ನಂದ ಲಕ್ಷ್ಯ ಇರಲಿಲ್ಲ,” ಅಂದಳು. ಆ ಮಾತನ್ನು ನೀನು ಕೇಳಿಸಿಕೊಂಡಿದ್ದರೆ ಅದನ್ನೂ ಟೈಪ್ ಮಾಡಿಸಿ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆ.

ನಾನು ಸಹಿ ಹಾಕುವುದಿಲ್ಲ. ಹಾಳೆಯನ್ನು ಇದರ ಜೊತೆಗೇ ವಾಪಸ್ಸು ಇಟ್ಟಿದ್ದೇನೆ. ಕಂಪನಿ ಮುಚ್ಚಿಹೋಗುತ್ತದೆ ಎಂದು ಹೆದರಿಸಬೇಡ. ನನ್ನ ತಲೆಗೆ ಕಟ್ಟಿ ಉಳಿಯುವ ಕಂಪನಿಯಾದರೆ ಮುಚ್ಚಲಿ. ‘ಪೆನ್ನಿನ 4 ನನ್ನದು, ಎಂಎಂ ಎಂದು ಬರೆಯದಿದ್ದದ್ದು ನನ್ನ ತಪ್ಪು’ ಎಂದು ನೀನು ನಿನ್ನ ಕೈಯಾರೆ ಬರೆದುಕೊಡು, ಮರುದಿನವೇ ಬಂದು ಕೆಲಸಕ್ಕೆ ನಿಲ್ಲುತ್ತೇನೆ. ಅಲ್ಲಿಯವರೆಗೆ ನಿನ್ನ ಮುಖ ನೋಡುವ ಆಸೆ ನನಗಿಲ್ಲ.

ಅತ್ತಿಗೆಗೆ ಶರಣು ಹೇಳು. ಅಂಜಲಿಗೆ ಅತ್ತೆಯ ಮುತ್ತು, ಚೆನ್ನಾಗಿ ಓದಲಿ, ಬಾಯಿ ಮಾತ್ರ ನಿನ್ನ ಹಾಗೆ ಆಗದಿರಲಿ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ. “ಚಲೋ ಇರು, ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಬರಿ,” ಅನ್ನುತ್ತಾಳೆ. ಆಶೀರ್ವಾದ ಆಕೆಯದು, ಬರೆದ ಶ್ರಮ ನನ್ನದು.

ಇಂತಿ,
ಗಂಗಾಂಬಿಕಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಒಂದನ್ನು ಬಿಟ್ಟಿದ್ದೆ. ನೀನು ಫೋನ್ ಇಟ್ಟ ಮೇಲೆ ನಾನು ಮೋಟಾರು ಬಂದ್ ಮಾಡಿ ಆ ಸಂದಿನಲ್ಲಿ ಬೆರಳಿಟ್ಟು ನೋಡಿದೆ. ಗೆಣ್ಣು ದಾಟಿ ಸಲೀಸಾಗಿ ಒಳಗೆ ಹೋಯಿತು. ತಪ್ಪೆಂದು ಆಗಲೇ ಗೊತ್ತಾಯಿತು. ಕಳಿಸುವ ಮುಂಚೆ ನೀನು ಹೇಗೂ ಪರೀಕ್ಷೆ ಮಾಡುತ್ತೀಯ, ಆಗ ಎಲ್ಲರ ಮುಂದೆ ನಿನ್ನ ಮುಖ ಸಣ್ಣದಾಗಲಿ, ಕಣ್ತುಂಬ ನೋಡುತ್ತೇನೆ ಎಂದುಕೊಂಡೆ. ನೀನು ಪರೀಕ್ಷೆ ಮಾಡಲಿಲ್ಲ, ಲಾರಿಗೆ ಏರಿಸಿದೆ. ಲಾರಿ ಗೇಟು ದಾಟುವಾಗ ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹಂಪಕ್ಕನ ಮನೆಗೆ ಇದನ್ನು ಹೇಳಲೆಂದೇ ಹೋಗಿದ್ದೆ, ಹೇಳದೆ ಚಹಾ ಕುಡಿದು ಬಂದೆ. ನಾಳೆ ಮತ್ತೆ ಹೋಗುತ್ತೇನೆ.