ಎಲಾಸ್ಟಿಕ್ ಸಾಲು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನಲ್ಲಿ ನನ್ನ ಸಿಮ್ಯುಲೇಶನ್ ರನ್ ಮತ್ತೆ ನಿಂತಿತ್ತು. ಟೈಮ್ ಸ್ಟೆಪ್ ಇಳಿಸಿ ಮತ್ತೆ ಹಾಕಿದೆ. ಪಕ್ಕದ ಸಿಸ್ಟಮ್‌ನಲ್ಲಿ ರಕ್ಷಿತಾಳದ್ದು ಸಲೀಸಾಗಿ ಓಡುತ್ತಿದೆ. ಮಧ್ಯಾಹ್ನ ಗೈಡ್ ಪ್ರಭುಸ್ವಾಮಿ ಸರ್ ಹೇಳಿದರು — ಕಾನ್ಫರೆನ್ಸಿನಲ್ಲಿ ನಮ್ಮ ಲ್ಯಾಬಿಗೆ ಒಂದೇ ಟಾಕ್, ಅದು ರಕ್ಷಿತಾಗೆ. ಅವಳಿಗಿಂತ ಎರಡು ವರ್ಷ ಮುಂಚೆ ಸೇರಿದವನು ನಾನು. ಚಪ್ಪಾಳೆ ತಟ್ಟಿದೆ. ಗಂಡನಲ್ಲವೇ, ತಟ್ಟಲೇಬೇಕು. ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ.

ಮಾರ್ಚ್ 7, ಗುರುವಾರ, ಸಂಜೆ

ತನ್ನ ರನ್ನಿಗೆ ಕೊಟ್ಟ ಟೇಬಲ್ ಒಮ್ಮೆ ನೋಡಿಕೊಡಿ ಎಂದಳು ರಕ್ಷಿತಾ. ಆರ್ಗಾನ್ ಅನಿಲಕ್ಕೆ ಎಲೆಕ್ಟ್ರಾನ್ ಡಿಕ್ಕಿಯ ಕ್ರಾಸ್ ಸೆಕ್ಷನ್‌ಗಳು, ಅಂದರೆ ಯಾವ ಬಗೆಯ ಡಿಕ್ಕಿ ಎಷ್ಟು ಸಂಭವ ಎನ್ನುವ ಅಂಕಿಗಳು — ಎಲಾಸ್ಟಿಕ್, ಎಕ್ಸೈಟೇಶನ್, ಅಯನೈಸೇಶನ್, ಒಂದೊಂದು ಸಾಲಿಗೆ ಒಂದೊಂದು ಫೈಲ್. ತಕ್ಷಣ ಕಣ್ಣಿಗೆ ಬಿತ್ತು. ಎಲಾಸ್ಟಿಕ್ ಸಾಲಿಗೆ 'ಎಫೆಕ್ಟಿವ್' ಫೈಲ್ ಕೊಟ್ಟಿದ್ದಾಳೆ. ಅದರಲ್ಲಿ ಉಳಿದ ಡಿಕ್ಕಿಗಳೆಲ್ಲ ಮೊದಲೇ ಸೇರಿರುತ್ತವೆ. ಕೆಳಗೆ ಅವನ್ನೇ ಮತ್ತೆ ಕೊಟ್ಟರೆ ಎರಡು ಸಲ ಲೆಕ್ಕ. ರನ್ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು.

ಸರಿ ಇದೆ ಎಂದೆ. ಖುಷಿಯಾಗಿ ಕಾಫಿ ಮಾಡಿಕೊಟ್ಟಳು.

ಮಾರ್ಚ್ 9

ಶಿವರಾತ್ರಿಗೆ ವಿದ್ಯಾರಣ್ಯಪುರಂನ ಅತ್ತೆ ಮನೆಗೆ ಹೋಗಿದ್ದೆವು. ಬಂದವರಿಗೆಲ್ಲ ಮಾವ ಮಗಳ ಟಾಕ್ ವಿಷಯವೇ ಹೇಳಿದರು. ನನ್ನ ಕೆಲಸ ಯಾರೂ ಕೇಳಲಿಲ್ಲ. ವಾಪಸ್ ಬರುವಾಗ ಆ ಸಾಲು ತಪ್ಪೆಂದು ಹೇಳಿಬಿಡೋಣ ಎನಿಸಿತ್ತು... ಹೇಳದೆಯೇ ಮನೆ ಸೇರಿದೆ.

ಮಾರ್ಚ್ 13, ಬುಧವಾರ

ಲ್ಯಾಬಿನಲ್ಲಿ ಅವಳ ಟಾಕ್ ರಿಹರ್ಸಲ್. ಸರ್ ಆ ಸಾಲಿನ ಮೇಲೇ ಬೆರಳಿಟ್ಟರು.

"ಇವರಿಗೆ ತೋರ್ಸಿದೀನಿ ಸರ್. ನೋಡಿ ಸರಿ ಇದೆ ಅಂದ್ರು," ಎಂದಳು, ಧೈರ್ಯವಾಗಿ.

ಸರ್ ನನ್ನ ಕಡೆ ತಿರುಗಿ, ಇಷ್ಟೂ ಗೊತ್ತಿಲ್ಲವೇನಯ್ಯ ಎಂದರು. ಗೊತ್ತಿರಲಿಲ್ಲ ಸರ್ ಎಂದೆ. ಅವಳು ಬೀಳಲಿ ಎಂದು ಕಾದವನು ಎಲ್ಲರ ಮುಂದೆ ದಡ್ಡನಾದೆ. ಆಗಲೂ ರಕ್ಷಿತಾ ನನ್ನ ಪರ ನಿಂತಳು — ಅವರ ರನ್ನೇ ಓಡ್ತಿಲ್ಲ, ತಲೆ ಕೆಟ್ಟಿದೆ ಪಾಪ ಎಂದು. ಆ ಪಾಪ ಎಂದದ್ದು ಬೈಗುಳಕ್ಕಿಂತ ಉರಿಸಿತು.

ಮಾರ್ಚ್ 15, ಶುಕ್ರವಾರ

ಸರಿಪಡಿಸಿ ಹಾಕಿದ್ದ ಹೊಸ ರನ್ ಇವತ್ತು ಮುಗಿಯಿತಂತೆ. ನನಗೆ ಹೇಳಲಿಲ್ಲ. ಮನೆಗೆ ಬಂದಾಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಲ್ಯಾಬಿನ ಜೂನಿಯರ್ ಲಾಸ್ಯ ಸಿಕ್ಕಿದ್ದಳಂತೆ. ತಿರುಗದೆಯೇ ಕೇಳಿದಳು.

"ಜನವರೀಲಿ ನಾನು ರಜೆ ಹಾಕಿದ್ದಾಗ, ಹೊಸಬರಿಗೆಲ್ಲ ಎಲಾಸ್ಟಿಕ್‌ಗೂ ಎಫೆಕ್ಟಿವ್‌ಗೂ ಇರೋ ವ್ಯತ್ಯಾಸ ಬೋರ್ಡ್ ಮೇಲೆ ಬರ್ದು ಹೇಳ್ಕೊಟ್ಟಿದ್ದೇ ನೀವಂತೆ. ಗೊತ್ತಿತ್ತು, ಅಲ್ವಾ?"

ಹೌದು ಎಂದೆ.

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಿಂದೆಯೇ ಹೋಗಬೇಕಿತ್ತು. ಕ್ಷಮೆ ಕೇಳಬೇಕಿತ್ತು. ಹೋಗಲಿಲ್ಲ. ಅವಳ ಸ್ಕ್ರೀನ್ ನೋಡುತ್ತ ನಿಂತುಬಿಟ್ಟೆ. ಗ್ರಾಫಿನಲ್ಲಿ ಪ್ರಯೋಗದ ಚುಕ್ಕೆಗಳ ಮೇಲೇ ಅವಳ ಗೆರೆ ಹಾದುಹೋಗಿದೆ, ಒಂದೂ ತಪ್ಪಿಲ್ಲ. ನನ್ನದು ಒಂದು ಸಲವಾದರೂ ಹೀಗೆ ಬಂದಿದ್ದರೆ—