ಶಿವಬಸವ್ವನ ಹೊಸಾ ದನಿ

ಹುಬ್ಬಳ್ಳಿ ದವಾಖಾನಿ
ಮಾರ್ಚ್ ೧೯೬೩

ತಿಳವಳ್ಳಿಯ ನಮ್ಮ ಮನಿಯವರಿಗೆ ಶಿವಬಸವ್ವನ ಶರಣು.

ಇವತ್ತ ಮುಂಜಾನೆ ನಾನು ಎದ್ದು ನಿಂತೆನ್ರಿ! ಕಬ್ಬಿನ ಚಕ್ಕಡಿ ತೊಡಿ ಮ್ಯಾಲೆ ಹಾದ ದಿನ ನೀವು ನನ್ನ ಹೊತಗೊಂಡು ಬಂದಾಗ, ಮತ್ತ ನೆಲಕ್ಕ ಕಾಲೂರತೇನಿ ಅಂತ ಯಾರು ಅಂದಿದ್ರು? ಗಾಯ ಮಾಯಲಿಲ್ಲ, ಉಂಡಿದ್ದು ಮೈಗೆ ಹತ್ತಲಿಲ್ಲ. ಕಡೀಕ ಡಾಕ್ಟರಬಾಯಿ ನನ್ನ ಕೇಳಿದ್ರು:

"ಗಂಡಸರ ಮೈಯಾಗ ಹುಟ್ಟೋ ಹಾರ್ಮೋನಿನ ಇಂಜೆಕ್ಷನ್ ಐತಿ. ಮೈಯಾಗ ಮಾಂಸ ತುಂಬಿ, ಗಾಯ ಮಾಯಾಕ ಬಲ ಬರಬಹುದು. ಆದ್ರ ನಿನ್ನ ದನಿ ಗಂಡಸರಂಗ ಆದ್ರೂ ಆದೀತು. ಬೇಕೇನವ್ವಾ?"

ನಿಮ್ಮನ್ನ ಕೇಳಾಕ ಪುರಸತ್ತ ಇರಲಿಲ್ಲ. "ಹಾಕ್ರಿ" ಅಂದೆ.

ಈಗ ಗಾಯ ಮಾದೈತಿ. ಎರಡು ರೊಟ್ಟಿ ತಿಂದ ಮ್ಯಾಲೂ ಹಸಿವು! ದನಿ ಮಾತ್ರ ದಪ್ಪಾಗೈತಿ, ತುಟಿ ಮ್ಯಾಲೆ ಸಣ್ಣ ಕೂದಲ ಮೂಡ್ಯಾವ. ಇಂಜೆಕ್ಷನ್ ನಿಲ್ಲಿಸ್ಯಾರ. ದನಿ ಮೊದಲಿನಂಗ ಆದೀತೋ ಇಲ್ಲೋ, ಅವರಿಗೂ ಗೊತ್ತಿಲ್ಲಂತ. ಮಗಳಿಗೆ ಮೊದಲ ಹೇಳಿಡ್ರಿ, ಇಲ್ಲಾಂದ್ರ ನನ್ನ ದನಿ ಕೇಳಿ ಅಂಜ್ಯಾಳು.

ಸೋಮವಾರ ಬರ್ರಿ. ನನ್ನ ಹಸಿರು ಸೀರಿ, ಒಂದು ಗಟ್ಟಿ ಊರುಗೋಲು ತರ್ರಿ. ದವಾಖಾನಿ ಬಾಗಲದಾಗ ನಿಂತು ನಾನ ನಿಮ್ಮನ್ನ ಕೂಗತೇನಿ. ಯಾರೋ ಗಂಡಸು ಅಂತ ತಿಳಿದು ಹೊಳ್ಳಿ ಹೋಗಬ್ಯಾಡ್ರಿ.

ನಿಮ್ಮ ದಾರಿ ನೋಡಾಕತ್ತಿರೋ
ಶಿವಬಸವ್ವ